ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ಕೆಲಸ: ಇಬ್ಬರಿಗೂ ಡ್ಯೂಟಿ, ಮಕ್ಕಳಿಗೆ ಪರೀಕ್ಷೆ. ಯಾವುದು ಮೊದಲು, ಯಾವುದು ಕೊನೆಗೆ?

ಸಂಜೆಗಾಳಿ ಕೇಳಿದ್ದು:

ಮನೆಯಲ್ಲಿ ಐದು ಜನ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅತ್ತೆಗೆ ಕೈ ಚುರುಕು ಉಂಟು, ಆದರೆ ಮೊಣಗಂಟು ನೋವಿನಿಂದ ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲಲಿಕ್ಕೆ ಆಗುವುದಿಲ್ಲ. ಮಕ್ಕಳು ಆರನೇ ಮತ್ತು ಒಂಬತ್ತನೇ ಕ್ಲಾಸು, ಡಿಸೆಂಬರ್ ನಡುವಿನವರೆಗೂ ಪರೀಕ್ಷೆ. ಸಿಗುವುದು ಶನಿವಾರ ಸಂಜೆ ಮತ್ತು ಚರ್ಚಿನ ಪೂಜೆ ಮುಗಿಸಿ ಬಂದ ಮೇಲಿನ ಭಾನುವಾರ ಮಾತ್ರ. ಹಂಚಲಿಕ್ಕೆ 12 ತಟ್ಟೆ ಬೇಕು, ಅದರಲ್ಲಿ ನಾಲ್ಕು ಮನೆಯವರು ಮೊಟ್ಟೆ ತಿನ್ನುವುದಿಲ್ಲ. ಕಿಡ್ಯೊ (ಕರಿದ ಹಿಟ್ಟಿನ ಸುರುಳಿ), ನೆವ್ರ್ಯೊ (ಕರಿಗಡುಬು), ರೋಸ್ ಕುಕ್ಕೀಸ್ (ಅಚ್ಚಿನಲ್ಲಿ ಕರಿಯುವ ಹೂವಿನಾಕಾರದ ತಿಂಡಿ), ತುಕ್ಡಿ, ಗುಳಿಯೊ (ಅಕ್ಕಿ ಹಿಟ್ಟಿನ ಉಂಡೆ), ಚಕ್ಲಿ, ಕೇಕ್ ಎಲ್ಲ ಲೆಕ್ಕ ಹಾಕಿದ್ದೇವೆ. ಬೇಗ ಮಾಡಿದರೆ ಹಬ್ಬಕ್ಕೆ ಮೆತ್ತಗಾಗುತ್ತದೆ, ತಡ ಮಾಡಿದರೆ 24ರ ರಾತ್ರಿ ಪೂಜೆಗೆ ಹೊರಡುವಾಗಲೂ ಬಾಣಲೆ ಒಲೆ ಮೇಲೆಯೇ ಇರುತ್ತದೆ. ಯಾವ ಕ್ರಮದಲ್ಲಿ ಹೋಗಬೇಕು, ಯಾರಿಗೆ ಯಾವ ಕೆಲಸ ಕೊಡಬೇಕು?

ಬಾಣಲೆ_ಕುಡ್ಲ:

ಮೊದಲು ಪಟ್ಟಿಯಿಂದ ಎರಡು ತೆಗೀರಿ. ಏಳು ಬಗೆ ಎರಡು ವಾರಾಂತ್ಯಕ್ಕೆ ಜಾಸ್ತಿ. ನನ್ನ ಪ್ರಕಾರ ಚಕ್ಲಿ ಹೊರಗಿಂದ ತರಬಹುದು, ಗುಳಿಯೊ ಈ ಸಲ ಬಿಡಬಹುದು. ಕಿಡ್ಯೊ ಮತ್ತು ನೆವ್ರ್ಯೊ ಮಾತ್ರ ಬಿಡಬೇಡಿ. ಮನೆಯವರೆಲ್ಲ ಒಂದೇ ಕಡೆ ಕೂತು ಮಾಡುವ ಕೆಲಸ ಅವೆರಡೇ.

ಕ್ರಮ ನಿರ್ಧರಿಸುವುದು ತಿಂಡಿಯಲ್ಲಿ ಉಳಿಯುವ ನೀರು. ಪೂರ್ತಿ ಒಣಗಿದ್ದು ಮೊದಲು, ತೇವ ಇರುವುದು ಕೊನೆಗೆ. ಕಿಡ್ಯೊ, ತುಕ್ಡಿ ಸರಿಯಾಗಿ ಕರಿದಿದ್ದರೆ ಮೂರು ವಾರ ಹೆದರಿಕೆ ಇಲ್ಲ. ಹಾಗಾಗಿ ಹಬ್ಬಕ್ಕೆ 10–12 ದಿನ ಇರುವಾಗಿನ ಭಾನುವಾರ ಅವು. ಆಮೇಲಿನ ವಾರಾಂತ್ಯ, ಅಂದರೆ ನಾಲ್ಕೈದು ದಿನ ಇರುವಾಗ ನೆವ್ರ್ಯೊ ಮತ್ತು ರೋಸ್ ಕುಕ್ಕೀಸ್. ತೆಂಗಿನಕಾಯಿ ಲಾಡು ಅಥವಾ ಗೇರುಬೀಜದ ಮ್ಯಾಕರೋನ್ ಮಾಡುವುದಿದ್ದರೆ 22 ಅಥವಾ 23ಕ್ಕೇ ಆಗಬೇಕು.

ಕಿಡ್ಯೊ ಅಳತೆ: ಮೈದಾ 1 ಕಿಲೊ, ಚಿರೋಟಿ ರವೆ 100 ಗ್ರಾಂ, ದಪ್ಪ ತೆಂಗಿನ ಹಾಲು ಸುಮಾರು 450 ಮಿ.ಲೀ., ಬಿಸಿ ತುಪ್ಪ 4 ದೊಡ್ಡ ಚಮಚ, ಉಪ್ಪು ಚಿಟಿಕೆ. ಮೊಟ್ಟೆ ಬೇಡ, ನಿಮ್ಮ ನಾಲ್ಕು ತಟ್ಟೆಗೂ ಇದೇ ಆಗುತ್ತದೆ. ತುಪ್ಪವನ್ನು ಮೊದಲು ಒಣ ಹಿಟ್ಟಿಗೆ ತಿಕ್ಕಿ, ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟು ಬೆರೆಯಬೇಕು, ಆಮೇಲೆ ಬೆಚ್ಚಗಿನ ತೆಂಗಿನ ಹಾಲು ಸ್ವಲ್ಪ ಸ್ವಲ್ಪವೇ. ಹಿಟ್ಟು ಚಪಾತಿಯದ್ದಕ್ಕಿಂತ ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಅತ್ತೆ ಕುರ್ಚಿಯಲ್ಲಿ ಕೂತು ಗೋಲಿ ಗಾತ್ರದ ಉಂಡೆ ಮಾಡಿ ಕೊಡಲಿ, ಮಕ್ಕಳು ಫೋರ್ಕಿನ ಬೆನ್ನಿನ ಮೇಲೆ (ಹೊಸ ಬಾಚಣಿಗೆಯೂ ಆಗುತ್ತದೆ) ಒತ್ತಿ ಸುತ್ತಲಿ. ಅಂಚು ಚೆನ್ನಾಗಿ ಅಂಟಬೇಕು. ಸಡಿಲ ಸುತ್ತಿದ್ದು ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಪರೀಕ್ಷೆ ಇರುವ ಮಕ್ಕಳಿಗೆ ಒಂದು ಗಂಟೆ ಸಾಕು. ಉಳಿದ ಹಿಟ್ಟನ್ನು ಲಟ್ಟಿಸಿ ವಜ್ರಾಕಾರಕ್ಕೆ ಕತ್ತರಿಸಿದರೆ ಅದೇ ತುಕ್ಡಿ, ಬೇರೆ ಹಿಟ್ಟು ಕಲಸಬೇಕಾಗಿಲ್ಲ.

ಕರಿಯುವಾಗ ಹೆಚ್ಚಿನವರು ಉರಿ ಜೋರು ಮಾಡಿ ಕೆಡಿಸುತ್ತಾರೆ. ಹೊರಗೆ ಬಣ್ಣ ಬಂದಿರುತ್ತದೆ, ಒಳಗಿನ ಸುರುಳಿ ಹಸಿ. ಎರಡು ದಿನದಲ್ಲಿ ಆ ನೀರು ಹೊರಗೆ ಬಂದು ಡಬ್ಬ ಪೂರ್ತಿ ಮೆತ್ತಗಾಗುತ್ತದೆ. ಒಂದು ಚೂರು ಹಿಟ್ಟು ಹಾಕಿದಾಗ ತಳಕ್ಕೆ ಹೋಗಿ ನಿಧಾನ ಮೇಲೆ ಬಂದರೆ ಎಣ್ಣೆ ಸರಿ. ಹಾಕಿದ ಮೇಲೆ ಮಧ್ಯಮ ಉರಿ. ಗುಳ್ಳೆ ಹೆಚ್ಚುಕಡಿಮೆ ನಿಂತಾಗ ತೆಗೀರಿ, ಬಣ್ಣ ನೋಡಿ ಅಲ್ಲ. ಗುಳ್ಳೆ ಅಂದರೆ ಒಳಗಿನ ನೀರು ಆವಿಯಾಗಿ ಹೋಗುತ್ತಿರುವುದು.

ಸಕ್ಕರೆ ಲೇಪಕ್ಕೆ 400 ಗ್ರಾಂ ಸಕ್ಕರೆ, 150 ಮಿ.ಲೀ. ನೀರು, ಎರಡೆಳೆ ಪಾಕ. ಒಂದೆಳೆಗೆ ಇಳಿಸಿದರೆ ಅಂಟಂಟಾಗಿಯೇ ಉಳಿಯುತ್ತದೆ. ಪೂರ್ತಿ ಆರಿದ ಕಿಡ್ಯೊ ಹಾಕಿ, ಸಕ್ಕರೆ ಬಿಳಿ ಪುಡಿಯಂತೆ ಹಿಡಿಯುವವರೆಗೆ ಮಗುಚುತ್ತಾ ಇರಿ.

ಕಲ್ಯಾಣಪುರ_ತೋಟ:

ಬಾಣಲೆ ಅವರು ಹೇಳಿದ ಕ್ರಮ ಸರಿ. ಅದಕ್ಕೆ ಎಣ್ಣೆಯ ಲೆಕ್ಕ ಸೇರಿಸುತ್ತೇನೆ. ಮೊಟ್ಟೆ ತಿನ್ನದವರಿಗೆ ಕೊಡುವುದಿದ್ದರೆ ರೋಸ್ ಕುಕ್ಕೀಸ್ ಕರಿದ ಎಣ್ಣೆಯಲ್ಲಿ ಮತ್ತೆ ಏನೂ ಕರಿಯಬಾರದು. ತುಕ್ಡಿ, ಕಿಡ್ಯೊ ಮೊದಲು, ನೆವ್ರ್ಯೊ ಆಮೇಲೆ, ರೋಸ್ ಕುಕ್ಕೀಸ್ ಎಲ್ಲದರ ಕೊನೆಗೆ. ನೆವ್ರ್ಯೊ ಒಂದು ಒಡೆದರೂ ಒಳಗಿನ ಸಕ್ಕರೆ ತಳದಲ್ಲಿ ಕರಟಿ ಎಣ್ಣೆ ಕಪ್ಪಾಗುತ್ತದೆ, ಅದಕ್ಕೇ ಅದನ್ನೂ ಮೊದಲು ಹಾಕಬಾರದು. ಪ್ರತಿ ದಿನದ ಕೊನೆಗೆ ಎಣ್ಣೆ ಆರಿಸಿ ತೆಳು ಬಟ್ಟೆಯಲ್ಲಿ ಸೋಸಿ. ನೊರೆ ಬರಲಿಕ್ಕೆ ಶುರುವಾದರೆ ಅಥವಾ ಬೇಗ ಹೊಗೆ ಬಂದರೆ ಆ ಎಣ್ಣೆ ಮುಗಿಯಿತು.

ತೆಂಗಿನೆಣ್ಣೆಯಲ್ಲೇ ಕರಿಯುವವರು ಒಂದು ನೆನಪಿಡಿ. ಅದು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಊರಲ್ಲಿ ಗೊತ್ತಾಗುವುದಿಲ್ಲ, ಬೆಂಗಳೂರಿಗೆ ಕಳಿಸಿದ ಡಬ್ಬದಲ್ಲಿ ಡಿಸೆಂಬರಿನ ಬೆಳಿಗ್ಗೆ ಬಿಳಿ ಪದರ ಕಾಣುತ್ತದೆ. ಬೂಸ್ಟು ಅಂದುಕೊಂಡು ಬಿಸಾಡುವವರಿದ್ದಾರೆ. ಕೈಯಲ್ಲಿ ಹಿಡಿದಾಗ ಕರಗಿದರೆ ಅದು ಎಣ್ಣೆಯೇ.

ನೆವ್ರ್ಯೊ ಹೂರಣಕ್ಕೆ ಹಸಿ ತೆಂಗಿನಕಾಯಿ ಹಾಕಬೇಡಿ, ಎಷ್ಟೇ ಹುರಿದರೂ ಒಂದು ವಾರದೊಳಗೆ ಕಮಟು ವಾಸನೆ ಬರುವ ಸಾಧ್ಯತೆ ಉಂಟು. 500 ಗ್ರಾಂ ಮೈದಾಕ್ಕೆ ಸುಮಾರು 50 ನೆವ್ರ್ಯೊ ಆಗುತ್ತವೆ. ಅಷ್ಟಕ್ಕೆ ಹೂರಣ: ತುರಿದ ಒಣ ಕೊಬ್ಬರಿ 200 ಗ್ರಾಂ, ಹುರಿಗಡಲೆ ಪುಡಿ 150, ಸಕ್ಕರೆ ಪುಡಿ 200, ಹುರಿದ ಎಳ್ಳು 75, ಗೇರುಬೀಜದ ಚೂರು 75, ದ್ರಾಕ್ಷಿ 50, ಏಲಕ್ಕಿ. ದ್ರಾಕ್ಷಿಯನ್ನು ತುಪ್ಪದಲ್ಲಿ ಉಬ್ಬುವವರೆಗೆ ಹುರಿದೇ ಹಾಕಿ. ಎಲ್ಲ ತಣ್ಣಗಾದ ಮೇಲೆ ಸಕ್ಕರೆ. ಬಿಸಿಯಲ್ಲಿ ಹಾಕಿದರೆ ಬೆವರಿ ಗಂಟು ಕಟ್ಟುತ್ತದೆ. ಈ ಹೂರಣ ವಾರ ಮೊದಲೇ ಮಾಡಿಡಬಹುದು, ಕೆಲಸದ ದಿನ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಸಾಕು.

ತುಂಬುವಾಗ ಒಂದು ಚಮಚಕ್ಕಿಂತ ಜಾಸ್ತಿ ಬೇಡ. ಮಡಚಿದ ಮೇಲೆ ಹೊಟ್ಟೆಯ ಕಡೆಯಿಂದ ಅಂಚಿನ ಕಡೆಗೆ ಬೆರಳಿನಿಂದ ಗಾಳಿ ತಳ್ಳಿ, ಆಮೇಲೆ ಅಂಚಿಗೆ ನೀರು ಸವರಿ ಒತ್ತಿ, ಹಲ್ಲಿನ ಚಕ್ರದಿಂದ ಕತ್ತರಿಸಿ. ಒಡೆಯುವುದು ಹೆಚ್ಚಾಗಿ ಒಳಗೆ ಸಿಕ್ಕಿದ ಗಾಳಿಯಿಂದ.

ಅಚ್ಚು_ಮತ್ತು_ಅಳತೆ:

ಗುಳಿಯೊ ಬಿಡಿ ಅಂದದ್ದಕ್ಕೆ ನನ್ನದೂ ಒಪ್ಪಿಗೆ, ಆದರೆ ಕಾರಣ ಸಮಯ ಮಾತ್ರ ಅಲ್ಲ. ಮಕ್ಕಳು ಅಡುಗೆಮನೆಯಲ್ಲಿ ಇರುವ ದಿನ ಅಕ್ಕಿಯ ಉಂಡೆ ಕರಿಯುವುದು ಅಪಾಯ. ಮೈದಾ ಹಿಟ್ಟು ಜಿಗುಟು, ಒಳಗೆ ಆವಿ ತುಂಬಿದರೆ ಹಿಗ್ಗುತ್ತದೆ. ಅಕ್ಕಿ ಹಿಟ್ಟು ಹಿಗ್ಗುವುದಿಲ್ಲ. ಹೊರಗಿನ ಪದರ ಮೊದಲು ಗಟ್ಟಿಯಾದರೆ ಆವಿಗೆ ದಾರಿ ಇಲ್ಲದೆ ಉಂಡೆ ಸಿಡಿಯುತ್ತದೆ, ಬಿಸಿ ಎಣ್ಣೆ ಮುಖಕ್ಕೆ ಹಾರುತ್ತದೆ. ಮಾಡಲೇಬೇಕು ಅಂತಿದ್ದರೆ: ಹಿಟ್ಟು ನುಣ್ಣಗಿರಲಿ, ಬಿಸಿ ತೆಂಗಿನ ಹಾಲಲ್ಲಿ ಬಿರುಕು ಬಾರದ ಹಾಗೆ ನಾದಿ, ಉಂಡೆಗಳನ್ನು ಒಣಗಲಿಕ್ಕೆ ಬಿಡಬೇಡಿ, ಮೊದಲು ಒಂದೇ ಒಂದು ಹಾಕಿ ನೋಡಿ, ಬಾಣಲೆಗೆ ಜಾಲರಿ ಮುಚ್ಚಳ ಇಡಿ, ಬಗ್ಗಿ ನೋಡಬೇಡಿ. ಎಣ್ಣೆಗೆ ಬೆಂಕಿ ಹಿಡಿದರೆ ಗ್ಯಾಸ್ ಬಂದ್ ಮಾಡಿ ದೊಡ್ಡ ಮುಚ್ಚಳ ಹಾಕಬೇಕು. ನೀರು ಯಾವತ್ತೂ ಬೇಡ.

ಇನ್ನು ರೋಸ್ ಕುಕ್ಕೀಸ್. ಮೈದಾ 500 ಗ್ರಾಂ, ಅಕ್ಕಿ ಹಿಟ್ಟು 100, ಸಕ್ಕರೆ ಪುಡಿ 200, ಮೊಟ್ಟೆ 2, ತೆಂಗಿನ ಹಾಲು 600–700 ಮಿ.ಲೀ., ಕರಿ ಎಳ್ಳು ಒಂದು ಚಮಚ, ಉಪ್ಪು ಚಿಟಿಕೆ. ದೋಸೆ ಹಿಟ್ಟಿಗಿಂತ ತೆಳ್ಳಗೆ, ಸೌಟಿನ ಬೆನ್ನಿಗೆ ಪದರ ನಿಲ್ಲುವಷ್ಟು. ಅರ್ಧ ಗಂಟೆ ಬಿಟ್ಟು ಒಮ್ಮೆ ಸೋಸಿ.

ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಬೇಕು, ಮೊದಲ ನಾಲ್ಕೈದು ಹೇಗೂ ಹಾಳಾಗುತ್ತವೆ. ಕರಿಯುವ ಮುಂಚೆ ಅಚ್ಚು ಬಿಸಿ ಎಣ್ಣೆಯಲ್ಲಿ ಐದು ನಿಮಿಷ ಇರಲಿ. ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಿನ ಅಂಚು ದಾಟಿದರೆ ಹಿಟ್ಟು ಅಚ್ಚನ್ನು ಮುಚ್ಚಿಬಿಡುತ್ತದೆ, ಆಮೇಲೆ ಚಾಕು ಹಾಕಿದರೂ ಬಿಡುವುದಿಲ್ಲ. ಅದ್ದಿದಾಗ ಹಿಟ್ಟು ಹಿಡಿಯದೆ ಜಾರಿ ಬಿದ್ದರೆ ಅಚ್ಚು ತಣ್ಣಗಾಗಿದೆ. ಬಟ್ಟಲಲ್ಲೇ ಜೋರಾಗಿ ಸಿಡಿದು ಕಳಚಿದರೆ ಅತಿ ಬಿಸಿ. ಪ್ರತಿ ಸಲ ಹಿಟ್ಟಿಗೆ ಹೋಗುವ ಮುಂಚೆ ಅರ್ಧ ನಿಮಿಷ ಮತ್ತೆ ಎಣ್ಣೆಯಲ್ಲಿ. ಎರಡು ಅಚ್ಚು ಇದ್ದರೆ ಒಂದು ಬಿಸಿಯಾಗುವಾಗ ಇನ್ನೊಂದು ನಡೆಯುತ್ತದೆ, ಸಮಯ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮುಗಿದ ಮೇಲೆ ಅಚ್ಚಿಗೆ ಸೋಪು ಹಾಕಿ ತಿಕ್ಕಬೇಡಿ, ಕಾಗದದಿಂದ ಒರೆಸಿ ಎಣ್ಣೆ ಸವರಿ ಇಡಿ.

ಸಕ್ಕರೆ ಜಾಸ್ತಿ ಹಾಕುವ ಆಸೆ ಬೇಡ. ಬೇಗ ಕೆಂಪಾಗುತ್ತದೆ ಅಂತ ಬೇಗ ತೆಗೆಯುತ್ತೇವೆ, ಮರುದಿನ ಮೆತ್ತಗೆ.

ಸಂಜೆಗಾಳಿ:

ಎಲ್ಲರಿಗೂ ಉಪಕಾರ. ಗುಳಿಯೊ ಬಿಟ್ಟೆವು, ಚಕ್ಲಿ ಹೊರಗಿಂದ. ಇನ್ನು ಎರಡು ಪ್ರಶ್ನೆ. ಕೇಕಿಗೆ ರಮ್ ಹಾಕದೆ ಹಣ್ಣು ನೆನೆಸುವುದು ಹೇಗೆ, ಎಷ್ಟು ದಿನ ಮೊದಲು? ಮತ್ತೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹುಲ್ಲು ಯಾವಾಗ ಬಿತ್ತಬೇಕು? ಹಬ್ಬದ ದಿನ ಹಳದಿಯಾಗಿ ಮಲಗಿಬಿಡುತ್ತದೆ.

ಕೆನೆ_ಬೆಣ್ಣೆ (ಬೆಂಗಳೂರು):

ರಮ್ ಇಲ್ಲದಿದ್ದರೆ ತಿಂಗಳುಗಟ್ಟಲೆ ನೆನೆಸೋ ಮಾತೇ ಇಲ್ಲ, ಹುಳಿ ಬಂದುಬಿಡುತ್ತೆ. 500 ಗ್ರಾಂ ಒಣಹಣ್ಣಿಗೆ 200 ಮಿ.ಲೀ. ಕಿತ್ತಳೆ ರಸ, ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಮುಚ್ಚಿ ಆರಿಸಿ, ಫ್ರಿಜ್‌ನಲ್ಲಿ ಒಂದು ರಾತ್ರಿ. ಮರುದಿನ ಬೇಯಿಸಿ. ಈ ಕೇಕ್ ಹಬ್ಬಕ್ಕೆ ಮೂರು ನಾಲ್ಕು ದಿನ ಇರುವಾಗ ಮಾಡೋದು ಒಳ್ಳೇದು. ರಮ್ ಹಾಕಿದ್ದಾದರೆ ಎರಡು ವಾರ ಮೊದಲೇ ಮಾಡಿಟ್ಟರೂ ರುಚಿ ಏರುತ್ತೆ.

ಬೆಣ್ಣೆ 250 ಗ್ರಾಂ, ಸಕ್ಕರೆ ಪುಡಿ 200, ಮೊಟ್ಟೆ 5, ಮೈದಾ 275, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ. ಬಣ್ಣಕ್ಕೆ ಬೇರೆ 150 ಗ್ರಾಂ ಸಕ್ಕರೆಯನ್ನು ಕಾಫಿ ಡಿಕಾಕ್ಷನ್ ಬಣ್ಣ ಬರೋವರೆಗೆ ಕರಗಿಸಿ, ಒಲೆ ಆರಿಸಿ, ಬಿಸಿನೀರು 100 ಮಿ.ಲೀ. ಅಂಚಿನಿಂದ ಸುರಿಯಿರಿ. ತಣ್ಣೀರು ಹಾಕಿದರೆ ಇನ್ನೂ ಜೋರಾಗಿ ಸಿಡಿಯುತ್ತೆ. ಪೂರ್ತಿ ಆರಿಸಿಯೇ ಹಿಟ್ಟಿಗೆ ಹಾಕಿ, ಇಲ್ಲಾಂದ್ರೆ ಬೆಣ್ಣೆ ಕರಗಿ ಹಿಟ್ಟು ನೀರಾಗುತ್ತೆ, ಹಣ್ಣೆಲ್ಲ ತಳ ಸೇರುತ್ತೆ. ಹಣ್ಣನ್ನು ಬಸಿದು ಎರಡು ಚಮಚ ಮೈದಾ ಸವರಿ. 160 ಡಿಗ್ರಿಯಲ್ಲಿ 70–80 ನಿಮಿಷ. ಒಂದು ಗಂಟೆಗೇ ಮೇಲ್ಭಾಗ ಕಪ್ಪಾಗ್ತಿದ್ರೆ ಫಾಯಿಲ್ ಮುಚ್ಚಿ. ಮೊಟ್ಟೆ ತಿನ್ನದ ಮನೆಗಳ ತಟ್ಟೆಗೆ ಇದರ ಬದಲು ನೆವ್ರ್ಯೊ ಎರಡು ಜಾಸ್ತಿ ಇಡಿ, ಮೊಟ್ಟೆ ಇಲ್ಲ ಅಂತ ಚೀಟಿ ಬರೆದು ಅಂಟಿಸಿ.

ಕಲ್ಯಾಣಪುರ_ತೋಟ:

ಗೋದಲಿ ಹುಲ್ಲಿಗೆ ಗೋಧಿ ಸುಲಭ. ಡಿಸೆಂಬರ್ 14–15ಕ್ಕೆ ಬಿತ್ತಿದರೆ 24ಕ್ಕೆ ನಾಲ್ಕು ಇಂಚು ಬರುತ್ತದೆ. ಭತ್ತವಾದರೆ ಎರಡು ಮೂರು ದಿನ ಮೊದಲು. ರಾತ್ರಿ ನೆನೆಸಿ, ಒಂದು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಿಳಿ ಕಂಡಾಗ ಒಂದೂವರೆ ಇಂಚು ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹಾಕಿದ ಟ್ರೇಯಲ್ಲಿ ಒತ್ತೊತ್ತಾಗಿ ಹರಡಿ, ಒಂದರ ಮೇಲೊಂದು ಮಾತ್ರ ಬೀಳಬಾರದು. ನೀರು ಚಿಮುಕಿಸಿ ಸಾಕು, ಸುರಿದರೆ ಬೂಸ್ಟು. ಹಳದಿಯಾಗುವುದು ಬೆಳಕಿಲ್ಲದ್ದರಿಂದ, ಟ್ರೇಯನ್ನು ಮೊದಲ ದಿನವೇ ಗೋದಲಿಯೊಳಗೆ ಇಡುತ್ತೇವಲ್ಲ. 22ರವರೆಗೂ ಜಗಲಿಯಲ್ಲಿ, ಬೆಳಗಿನ ಬಿಸಿಲು ಬೀಳುವಲ್ಲಿ ಇರಲಿ. ಇದು ಪೂರ್ತಿ ಚಿಕ್ಕವರ ಕೆಲಸ, ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಎರಡು ನಿಮಿಷ.

ಬಾಣಲೆ_ಕುಡ್ಲ:

ಡಬ್ಬದ ವಿಷಯ ಯಾರೂ ಹೇಳಲಿಲ್ಲ. ಕರಿದದ್ದು ಎರಡು ಮೂರು ಗಂಟೆ ಆರಬೇಕು, ತಳ ಮುಟ್ಟಿ ನೋಡಿ. ಸ್ವಲ್ಪ ಬಿಸಿ ಇದ್ದರೂ ಮುಚ್ಚಳದಲ್ಲಿ ಬೆವರು ಕೂರುತ್ತದೆ. ಒಂದೊಂದಕ್ಕೆ ಒಂದೊಂದು ಡಬ್ಬ. ಮ್ಯಾಕರೋನ್, ಲಾಡು ಜೊತೆ ಚಕ್ಲಿ ಇಟ್ಟರೆ ಅವುಗಳ ತೇವ ಚಕ್ಲಿಗೆ ಹೋಗುತ್ತದೆ. ನ್ಯೂಸ್‌ಪೇಪರ್ ಹಾಸಬೇಡಿ, ಶಾಯಿ ತಿಂಡಿಗೆ ಹತ್ತುತ್ತದೆ, ಬಟರ್ ಪೇಪರ್ ಸಾಕು. ಕ್ಯಾರೊಲ್‌ನವರು ಬಂದಾಗ ಕೊಡಲಿಕ್ಕೆ ಚಿಕ್ಕ ಡಬ್ಬ ಬೇರೆಯೇ ತುಂಬಿಸಿಡಿ, ದೊಡ್ಡದನ್ನು ದಿನಾ ತೆರೆದರೆ ಕರಾವಳಿಯ ಗಾಳಿಗೆ ಮೂರೇ ದಿನ. ಎರಡನೇ ಸಿಲಿಂಡರ್ ತಿಂಗಳ ಮೊದಲ ವಾರವೇ ಬುಕ್ ಮಾಡಿ.

24ಕ್ಕೆ ಬಾಣಲೆ ಬೇಡ ಅಂದಿರಲ್ಲ, ಆ ದಿನ ಬಫಾತ್ (ಮಾಂಸದ ಮಸಾಲೆ ಪದಾರ್ಥ) ಮತ್ತು ಸನ್ನಾದ (ಹುದುಗಿಸಿದ ಹಿಟ್ಟಿನ ಇಡ್ಲಿಯಂಥದ್ದು) ಕೆಲಸ ಮಾತ್ರ ಇರಲಿ. ಬಫಾತ್ ಮಧ್ಯಾಹ್ನವೇ ಬೇಯಿಸಿ ಆರಿಸಿ ಫ್ರಿಜ್‌ಗೆ, ಮರುದಿನಕ್ಕೆ ಮಸಾಲೆ ಚೆನ್ನಾಗಿ ಹಿಡಿದಿರುತ್ತದೆ. ಸನ್ನಾಕ್ಕೆ 3 ಪಾವು ಅಕ್ಕಿ, 1 ಪಾವು ಉದ್ದು ಬೆಳಿಗ್ಗೆ ನೆನೆಸಿ ಸಂಜೆ ರುಬ್ಬಿ. ಶೇಂದಿ ಹಾಕಿ ಪೂಜೆಗೆ ಹೋದರೆ ಬರುವಾಗ ಹಿಟ್ಟು ಉಕ್ಕಿ ನೆಲದ ಮೇಲೆ ಇರಬಹುದು, ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ಈಸ್ಟ್ ಹಾಕುವವರಿಗೆ ಸುಲಭ. ರುಬ್ಬಿದ್ದನ್ನು ಫ್ರಿಜ್‌ನಲ್ಲಿಟ್ಟು, 25ರ ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ತೆಗೆದು, ತಂಪು ಬಿಟ್ಟ ಮೇಲೆ ಒಂದು ಚಿಕ್ಕ ಚಮಚ ಈಸ್ಟನ್ನು ಎರಡು ಚಮಚ ಸಕ್ಕರೆ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಬೆರೆಸಿ. ಎರಡು ಗಂಟೆಯಲ್ಲಿ ಉಬ್ಬುತ್ತದೆ. ಉಬ್ಬಿದ ಮೇಲೆ ಸೌಟಿನಿಂದ ಕಲಕಬೇಡಿ, ಮೇಲಿಂದ ಮೆಲ್ಲಗೆ ತೆಗೆದು ಬಟ್ಟಲಿಗೆ ಅರ್ಧಕ್ಕೆ ಹಾಕಿ ಹಬೆಯಲ್ಲಿ 12–15 ನಿಮಿಷ.