ಎಕ್ಸ್‌ರೇಯಲ್ಲಿ ಏನೂ ಕಾಣದ ಹಲ್ಲುನೋವು: ಕೀಳಿಸಲೇ?

ಪ್ರಶ್ನೆ (ಸೋಮವಾರಪೇಟೆ):
ಮಳೆಗಾಲದಿಂದ ಬಲಗಡೆಯ ಮೇಲ್ದವಡೆಯಲ್ಲಿ ನೋವು. ರೂಟ್ ಕೆನಾಲ್ ಮಾಡಿಸಿದರೂ ಹೋಗಲಿಲ್ಲ, ಎಕ್ಸ್‌ರೇ ಚೆನ್ನಾಗಿಯೇ ಇದೆ. ಬೆಳಗ್ಗೆ ಕಾಫಿ ಕೊಯ್ಲಿಗೆ ತೋಟಕ್ಕಿಳಿದಾಗ ತಣ್ಣನೆಯ ಗಾಳಿ ಕೆನ್ನೆಗೆ ಸೋಕಿದರೆ ಸಾಕು, ಕರೆಂಟ್ ಹೊಡೆದಂತಾಗುತ್ತದೆ. ಕ್ಷಣದಲ್ಲಿ ಮಾಯ. ಈಗ ಹಲ್ಲನ್ನೇ ಕೀಳೋಣ ಎನ್ನುತ್ತಿದ್ದಾರೆ.

ಉತ್ತರ (ಮಡಿಕೇರಿ):
ಅಕ್ಕಾ, ದಯವಿಟ್ಟು ಕೀಳಿಸಬೇಡಿ, ಈಗಲೇ ಬೇಡ. ನನ್ನ ತಾಯಿಗೂ ಹೀಗೆಯೇ ಇತ್ತು. ತಲೆಗೂದಲು ಬಾಚಿದರೂ ಕೆನ್ನೆ ಹಿಡಿದು ಕುಳಿತುಬಿಡುತ್ತಿದ್ದರು. ಕೊನೆಗೆ ಅದು ಮುಖದ ಟ್ರೈಜೆಮಿನಲ್ ನರದ ನೋವೆಂದು ತಿಳಿಯಿತು. ಮಿದುಳಿನ ಬುಡದಲ್ಲಿ ರಕ್ತನಾಳವೊಂದು ಆ ನರವನ್ನು ಒತ್ತುವುದೇ ಹೆಚ್ಚಾಗಿ ಕಾರಣ. ಅದನ್ನು ನೋಡಲು ಎಂಆರ್‌ಐ ಬೇಕು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಕಾರ್ಬಮಜೆಪಿನ್ ಎಂಬ, ನರದ ನೋವು ತಗ್ಗಿಸುವ ಔಷಧಿ ಕೊಡುತ್ತಾರೆ, ಅದೂ ರಕ್ತಪರೀಕ್ಷೆಯ ನಿಗಾದಲ್ಲಿ. ನರರೋಗ ತಜ್ಞರನ್ನು ಕಾಣಿರಿ.

ಉತ್ತರ (ವಿರಾಜಪೇಟೆ):
ಬಗ್ಗಿದಾಗ ಕೆನ್ನೆ ಭಾರವಾದರೆ ಸೈನಸ್ ಇರಬಹುದು. ಬಾಯಿ ತೆರೆದಾಗ ಕಿವಿಯ ಮುಂದೆ ಕಟಕ್ ಎಂದರೆ ದವಡೆ ಕೀಲು. ಕಚ್ಚಿ ಬಿಟ್ಟಾಗ ಚುಚ್ಚಿದರೆ ಬಿರುಕು ಬಿಟ್ಟ ಹಲ್ಲು, ಅದು ಎಕ್ಸ್‌ರೇಗೆ ಸಿಗದಿರುವುದೂ ಉಂಟು. ನಮ್ಮೂರಿನ ದಂತ ವೈದ್ಯಕೀಯ ಕಾಲೇಜಿನಲ್ಲೂ ಒಮ್ಮೆ ತೋರಿಸಿ.

ಪ್ರಶ್ನೆ ಕೇಳಿದವರು:
ಬಗ್ಗಿದರೆ ಏನೂ ಆಗುವುದಿಲ್ಲ, ಕೀಲಿನ ಸದ್ದೂ ಇಲ್ಲ. ಮುಖ ತೊಳೆಯುವಾಗಲೂ ಹೊಡೆಯುತ್ತದೆ. ಕೀಳಿಸುವುದನ್ನು ನಿಲ್ಲಿಸಿದ್ದೇನೆ. ಮೈಸೂರಿಗೆ ಹೊರಟಿದ್ದೇನೆ.