ಸಹಾಯ ಬೇಕು: ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್‌ಗೆ ಬಿಲ್ಡರ್ ಗ್ಯಾರಂಟಿ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದ ಕಡೆ ಒಂದು ಫ್ಲ್ಯಾಟ್ ನೋಡಿದ್ದೇವೆ. ಈಗಿನ ಓನರ್ ಬಿಲ್ಡರ್‌ನಿಂದ ಕೀಲಿ ತಗೊಂಡು ಮೂರು ವರ್ಷ ಆಗಿದೆ. ರೇಟ್ ಮಾತಾಡಿದ್ದೇವೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ತೊಂದರೆ ಏನಪ್ಪಾ ಅಂದ್ರೆ, ಬಾತ್‌ರೂಮ್‌ಗೆ ಅಂಟಿಕೊಂಡಿರುವ ಬೆಡ್‌ರೂಮ್ ಗೋಡೆಯಲ್ಲಿ ಪೇಂಟ್ ಉಬ್ಬಿದೆ. ಬೆರಳಲ್ಲಿ ಒತ್ತಿದರೆ ಪುಟ್ಟಿ ಪುಡಿಪುಡಿಯಾಗಿ ಉದುರುತ್ತದೆ. "ಮಳೆಗಾಲದಾಗ ಎಲ್ಲರ ಮನ್ಯಾಗೂ ಇದ್ದದ್ದೇ ಬಿಡ್ರಿ" ಅಂತಾರೆ ಓನರ್. ನಮ್ಮೂರಲ್ಲಿ ಅಂಥಾ ಮಳೆ ಎಲ್ಲಿ ಸ್ವಾಮಿ!

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಓದಿದೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಮಾಡಿಕೊಡಬೇಕು. ಆಮೇಲೆ ಕೊಂಡವರೂ ಕಾಯ್ದೆ ಹೇಳುವ ಗ್ರಾಹಕರಲ್ಲೇ ಸೇರುತ್ತಾರೆ. ಆದರೆ ಬಿಲ್ಡರ್ ಆಫೀಸಲ್ಲಿ "ಗ್ಯಾರಂಟಿ ಮೊದಲು ತಗೊಂಡವರಿಗೆ ಮಾತ್ರ" ಅಂದುಬಿಟ್ಟರು. ಬರೆದು ಕೊಡಿ ಅಂದರೆ ಉತ್ತರ ಇಲ್ಲ.

ಹೀಗೆ ಎರಡನೇ ಕೈಯಲ್ಲಿ ತಗೊಂಡು ಬಿಲ್ಡರ್ ಹತ್ತಿರ ರಿಪೇರಿ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ದೂರನ್ನು ಈಗಿನ ಓನರ್ ಹೆಸರಲ್ಲೇ, ಕ್ರಯಪತ್ರಕ್ಕೆ ಮೊದಲೇ ಕೊಡಿಸುವುದು ಒಳ್ಳೆಯದಾ? ಅಗ್ರಿಮೆಂಟಲ್ಲಿ ಇದನ್ನು ಹೇಗೆ ಬರೆಸಿದಿರಿ? ವಾಟರ್‌ಪ್ರೂಫಿಂಗ್ ವಾರಂಟಿ ಕಾರ್ಡ್ ಕೂಡ ಈಗಿನ ಓನರ್ ಹೆಸರಲ್ಲಿದೆ, ಅದನ್ನು ನಮ್ಮ ಹೆಸರಿಗೆ ಮಾಡಿಕೊಡ್ತಾರಾ?

ಸೋರಿಕೆ ಎಲ್ಲಿಂದ ಅಂತ ನೋಡಿ ರಿಪೋರ್ಟ್ ಬರೆದುಕೊಡುವ ಸಿವಿಲ್ ಇಂಜಿನಿಯರ್ ದಾವಣಗೆರೆಯಲ್ಲಿ ಗೊತ್ತಿದ್ದರೂ ಹೇಳಿ. ಓನರ್ ಅಡ್ವಾನ್ಸ್‌ಗೆ ಅವಸರ ಮಾಡ್ತಿದ್ದಾರೆ.