ಅಪ್‌ಡೇಟ್: ನೂರು ಕ್ರಂಚಸ್ ಬಿಟ್ಟು ಆರಕ್ಕೆ ಇಳಿದೆ

ಎರಡು ತಿಂಗಳ ಹಿಂದೆ ಇಲ್ಲೇ ಕೇಳಿದ್ದೆ: ದಿನಾ ನೂರು ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಎತ್ತೋ ಹೊಟ್ಟೆ ವ್ಯಾಯಾಮ) ಹೊಡೆದರೂ ಹೊಟ್ಟೆಗಿಂತ ಕುತ್ತಿಗೆ, ಸೊಂಟವೇ ನೋಯುತ್ತೆ, ಎಲ್ಲಿ ತಪ್ತಿದೀನಿ ಅಂತ. ಎಣಿಕೆ ಬಿಡಿ, ನಿಧಾನ ಮಾಡಿ ಅಂದಿದ್ರಿ. ನಿಜ ಹೇಳ್ತೀನಿ, ಆಗ ನಗು ಬಂದಿತ್ತು.

ಈಗ ವಾರಕ್ಕೆ ಮೂರು ದಿನ ಹಾಲ್‌ನಲ್ಲಿ ಜಮಖಾನೆ ಹಾಸಿ, ಕ್ರಂಚಸ್ ಬದಲು ಡೆಡ್ ಬಗ್ ಅನ್ನೋ ಹೊಟ್ಟೆ ವ್ಯಾಯಾಮ ಮಾಡ್ತೀನಿ. ಅಂಗಾತ ಮಲಗಿ, ಮಂಡಿ 90 ಡಿಗ್ರಿ ಮಡಚಿ ಎತ್ತಿ, ಎರಡೂ ಕೈ ಸೂರಿನ ಕಡೆ. ಉಸಿರು ಬಿಡ್ತಾ ಬಲಗೈ ತಲೆ ಹಿಂದಕ್ಕೆ, ಎಡಗಾಲು ಕೆಳಕ್ಕೆ, ನಾಲ್ಕು ಎಣಿಸೋವರೆಗೂ ಇಳಿಸೋದು. ಗುಟ್ಟೆಲ್ಲ ಸೊಂಟದಲ್ಲಿ: ಅದು ನೆಲ ಬಿಟ್ಟು ಏಳಬಾರದು. ಸೊಂಟದಡಿ ಟವೆಲ್ ಇಟ್ಟು, ಎಳಿ ಅಂತ ಮಗಳ ಕೈಗೆ ತುದಿ ಕೊಟ್ಟೆ. ಮೊದಲ ದಿನ ಸಲೀಸಾಗಿ ಕಿತ್ಕೊಂಡು ಓಡಿದ್ಲು! ಕಾಲು ಪೂರ್ತಿ ಚಾಚೋದು ಬಿಟ್ಟು, ಮಡಚಿದ ಹಾಗೇ ಹಿಮ್ಮಡಿ ಮಾತ್ರ ತಾಗಿಸಿದ ಮೇಲೆ ಟವೆಲ್ ಕದಲಲಿಲ್ಲ. ಆರು ಸಲಕ್ಕೇ ಹೊಟ್ಟೆ ಗಡಗಡ ನಡುಗುತ್ತೆ.

ಕುತ್ತಿಗೆ ನೋವು ಹೋಯ್ತು. ಸೊಂಟ ಬೆಳಗ್ಗೆ ಸ್ವಲ್ಪ ಹಿಡಿಯುತ್ತೆ, ಅಷ್ಟೇ. ಬೊಜ್ಜು ಮಾತ್ರ ಹಾಗೇ ಇದೆ. ಹೊಟ್ಟೆ ವ್ಯಾಯಾಮ ಮಾಡಿದ್ರೆ ಹೊಟ್ಟೆಯದೇ ಕೊಬ್ಬು ಕರಗಲ್ಲ ಅಂತ ನೀವು ಮೊದಲೇ ಹೇಳಿದ್ರಿ. ರಾತ್ರಿ ಅನ್ನ ಒಂದು ಸೌಟು ಕಡಿಮೆ ಮಾಡಿದೀನಿ. ತುಪ್ಪದ ಮಾತು ಆಮೇಲೆ.